ಗಂಡಮಾಲೆಯಿಂದ ಮರುತಪಾಸಣೆಗೆ: ಮಲಪ್ರಭೆಯ ಸೀಮೆಯಲ್ಲಿ ಲಿಂಫೋಮಾ ಆರೈಕೆಯ ಚರಿತ್ರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಲಿಂಫೋಮಾ ಚಿಕಿತ್ಸೆಯ ನಂತರದ ಆರೈಕೆಗೆ ದೀರ್ಘ ಚರಿತ್ರೆಯಿಲ್ಲ, ಏಕೆಂದರೆ ಈ ರೋಗದಿಂದ ಗುಣವಾಗಿ ಊರಿಗೆ ಮರಳುವುದೇ ಈಚಿನ ಐದಾರು ದಶಕಗಳಲ್ಲಿ ಸಾಧ್ಯವಾದ ಸಂಗತಿ. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿರುವ ದುಗ್ಧರಸ ಗ್ರಂಥಿಗಳು ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳ ನೆಲೆ. ಆ ಕಣಗಳಲ್ಲಿ ಹುಟ್ಟುವ ಕ್ಯಾನ್ಸರೇ ಲಿಂಫೋಮಾ. ಕುತ್ತಿಗೆಯ ಗಂಟುಗಳಿಗೆ ಹಳೆಯ ವೈದ್ಯದಲ್ಲಿ ಗಂಡಮಾಲೆಯೆಂಬ ಹೆಸರಿತ್ತು. ಕ್ಷಯದ ಗಂಟೂ ನೋಡಲು ಹಾಗೆಯೇ ಇರುವುದರಿಂದ, ಗಂಟಿನ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಬಯಾಪ್ಸಿ ಬರುವ ತನಕ ಎರಡನ್ನೂ ಖಚಿತವಾಗಿ ಬೇರ್ಪಡಿಸುವ ದಾರಿಯಿರಲಿಲ್ಲ.

1832ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಹಾಡ್ಜ್‌ಕಿನ್ ಈ ಗ್ರಂಥಿರೋಗವನ್ನು ವಿವರಿಸಿದಾಗ ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲೆ ಈ ಸೀಮೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ (ರಾಮದುರ್ಗ ಮಾತ್ರ 1948ರ ತನಕ ಪ್ರತ್ಯೇಕ ಸಂಸ್ಥಾನ) ದೊಡ್ಡ ಕಾಯಿಲೆಯ ದಾರಿಯೂ ಉತ್ತರಕ್ಕೇ ಹೋಗುತ್ತಿತ್ತು: 1894ರಲ್ಲಿ ವಿಲಿಯಂ ವಾನ್‌ಲೆಸ್ ಕಟ್ಟಿದ ಮೀರಜಿನ ಮಿಷನ್ ಆಸ್ಪತ್ರೆ, 1941ರಲ್ಲಿ ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ. ಬೆಳಗಾವಿಯಲ್ಲಿ 1963ರಲ್ಲಿ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು, ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ, ಮುಂದೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಬಂದ ಮೇಲೆ ದಾರಿ ಹತ್ತಿರವಾಯಿತು. ಆದರೂ ಈ ನಾಲ್ಕು ಪಟ್ಟಣಗಳಿಗೆ ರೈಲಿಲ್ಲ. ರಾಮದುರ್ಗದಿಂದ ಬೆಳಗಾವಿಗೆ ಬಸ್ಸಿನಲ್ಲಿ ಸುಮಾರು 100 ಕಿ.ಮೀ. ಹೋಗಬೇಕು. ಮರುತಪಾಸಣೆ ತಪ್ಪಿದಾಗ ರೋಗಿಯ ಅಲಕ್ಷ್ಯವನ್ನು ದೂರುವ ಮುನ್ನ ಆ ದಿನದ ಕೂಲಿ ಮತ್ತು ಬಸ್ ಚಾರ್ಜನ್ನು ಲೆಕ್ಕ ಹಾಕುವುದು ನ್ಯಾಯ.

ಚಿಕಿತ್ಸೆಯ ಚರಿತ್ರೆಯೇ ಆರೈಕೆಯ ಅಗತ್ಯವನ್ನೂ ಹುಟ್ಟಿಸಿತು. 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಲಿಂಫೋಮಾ ರೋಗಿಯೊಬ್ಬರಿಗೆ ನೈಟ್ರೋಜನ್ ಮಸ್ಟರ್ಡ್ ಕೊಟ್ಟದ್ದು ಕಿಮೋಥೆರಪಿಯ ಮೊದಲ ಪ್ರಯೋಗಗಳಲ್ಲೊಂದು. 1970ರ ದಶಕದಲ್ಲಿ ಮಿಲಾನಿನ ವೈದ್ಯ ಬೊನಡೋನಾ ರೂಪಿಸಿದ ನಾಲ್ಕು ಔಷಧಿಗಳ ಎಬಿವಿಡಿ ಕ್ರಮದಿಂದ ಹಾಡ್ಜ್‌ಕಿನ್ ಲಿಂಫೋಮಾದ ಬಹುಪಾಲು ರೋಗಿಗಳು ಗುಣವಾಗತೊಡಗಿದರು. ಹಾಗೆ ಉಳಿದವರು ವರ್ಷಗಟ್ಟಲೆ ಬಾಳಿದಂತೆ ಚಿಕಿತ್ಸೆಯ ಇನ್ನೊಂದು ಮುಖ ತಿಳಿಯುತ್ತ ಹೋಯಿತು: ಆ ನಾಲ್ಕು ಔಷಧಿಗಳಲ್ಲಿ ಡಾಕ್ಸೊರುಬಿಸಿನ್ ಹೃದಯವನ್ನೂ ಬ್ಲಿಯೊಮೈಸಿನ್ ಶ್ವಾಸಕೋಶವನ್ನೂ ಬಾಧಿಸಬಲ್ಲವು, ಮತ್ತು ಹಳ್ಳಿಗಳಲ್ಲಿ ‘ಕರೆಂಟ್ ಕೊಡುವುದು’ ಎನ್ನಲಾಗುವ ವಿಕಿರಣವನ್ನು ಕುತ್ತಿಗೆ ಅಥವಾ ಎದೆಗೆ ಪಡೆದವರಲ್ಲಿ ಥೈರಾಯ್ಡ್ ಕುಂದುವುದು, ಎಳೆ ವಯಸ್ಸಿನಲ್ಲಿ ಎದೆಗೆ ಪಡೆದ ಹೆಣ್ಣುಮಕ್ಕಳಲ್ಲಿ ಮುಂದೆ ಸ್ತನ ಕ್ಯಾನ್ಸರ್ ಬರುವ ಸಂಭವ ಹೆಚ್ಚುವುದು ಕಂಡುಬಂತು.

ಆದ್ದರಿಂದ ಮೊದಲ ಎರಡು ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ರೂಢಿ ಬಂದಿದೆ. ಗಂಟುಗಳನ್ನು ಕೈಯಿಂದ ಮುಟ್ಟಿ ನೋಡುವುದು, ತೂಕ, ರಕ್ತಪರೀಕ್ಷೆ, ರಕ್ತದೊತ್ತಡ, ಥೈರಾಯ್ಡ್ ಪರೀಕ್ಷೆ ಇದರ ಬಹುಭಾಗವಾಗಿದ್ದು, ಲಕ್ಷಣವಿಲ್ಲದೆ ಪದೇಪದೇ ಸ್ಕ್ಯಾನ್ ಮಾಡಿಸುವ ಅಗತ್ಯವಿರುವುದಿಲ್ಲ. ಅಂದರೆ ಹೆಚ್ಚಿನ ಕೆಲಸವನ್ನು ತಾಲ್ಲೂಕು ಆಸ್ಪತ್ರೆಯೇ ಮಾಡಬಲ್ಲದು, ಮಾಡಬೇಕು ಕೂಡ.

ಊಟದ ಮಾತಿಗೆ ಬಂದರೆ ಲಿಂಫೋಮಾ ಮರುಕಳಿಸದಂತೆ ತಡೆಯುವ ವಿಶೇಷ ಪಥ್ಯ ಯಾವುದೂ ರುಜುವಾತಾಗಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯ, ಮೊಸರು, ಶೇಂಗಾ ಹಿಂಡಿಗಳ ಈ ಸೀಮೆಯ ತಾಟು ಚೇತರಿಸಿಕೊಳ್ಳುವ ದೇಹಕ್ಕೆ ಒಳ್ಳೆಯದೇ ಆಗಿದ್ದು, ಉಪ್ಪನ್ನು ಕಡಿಮೆ ಮಾಡಿ ತಂಬಾಕು, ಗುಟ್ಕಾಗಳನ್ನು ಪೂರ್ತಿ ಬಿಡುವುದು ಹೃದಯವನ್ನೂ ಶ್ವಾಸಕೋಶವನ್ನೂ ಕಾಯುತ್ತದೆ.

ಹತ್ತಿ ಬೆಳೆಯುವ ಈ ನೆಲದಲ್ಲಿ ಇನ್ನೊಂದು ನೆನಪು ಅಗತ್ಯ. ರೈತರು ಬರಿಗೈಯಲ್ಲಿ ಎರಚುತ್ತಿದ್ದ ಗ್ಯಾಮಕ್ಸಿನ್ ಕೀಟನಾಶಕ ಪುಡಿಯ ಸಕ್ರಿಯ ಅಂಶವಾದ ಲಿಂಡೇನನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಹಾಡ್ಜ್‌ಕಿನ್ ಅಲ್ಲದ ಲಿಂಫೋಮಾಕ್ಕೆ ಕಾರಣವೆಂದು ನಿರ್ಣಯಿಸಿತು. ಭಾರತ ಆ ಪುಡಿಯನ್ನು 1997ರಲ್ಲಿ, ಲಿಂಡೇನನ್ನು 2013ರಲ್ಲಿ ನಿಷೇಧಿಸಿದೆ. ಹಾಗಿದ್ದರೂ ಗುಣವಾದವರು ಬೆನ್ನಿಗೆ ಪಂಪು ಕಟ್ಟಿಕೊಂಡು ಬೆಳೆಗೆ ಔಷಧ ಹೊಡೆಯುವ ಕೆಲಸವನ್ನು ಬಿಡುವುದೇ ಸರಿ.

ಈಗ ಉಳಿದ ಕೊರತೆ ಕಾಗದವನ್ನು ಕಾಯ್ದಿಡುವುದರದ್ದು. ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ದೇಹಕ್ಕೆ ಹೋಗಿದೆ, ಕರೆಂಟ್ ಎಲ್ಲಿಗೆ ಕೊಟ್ಟಿದ್ದಾರೆ ಎಂಬುದು ಬಿಡುಗಡೆಯ ದಿನ ಆಸ್ಪತ್ರೆ ಕೊಡುವ ಚೀಟಿಯಲ್ಲಿರುತ್ತದೆ. ಇಪ್ಪತ್ತು ವರ್ಷಗಳ ನಂತರ ಎದೆನೋವೆಂದು ಬಂದವರನ್ನು ನೋಡುವ ವೈದ್ಯರಿಗೆ ಬೇಕಾಗುವುದು ಅದೇ ಆದ್ದರಿಂದ, ಆ ಚೀಟಿಯನ್ನು ಹೊಲದ ಉತಾರದ ಜೊತೆಗೆ ಅಷ್ಟೇ ಜೋಪಾನವಾಗಿ ಇಡಬೇಕು.