ಮಗು ಯಾವ ಊರಿನದು?

ಖುಬಾ ಮಸೀದಿಯ ಅಂಗಳದಲ್ಲಿ ಆಸಿಮ್ ಎಂಬ ಬಾಲಕ ಆಡುತ್ತಿದ್ದನು. ಹಝ್ರತ್ ಉಮರ್(ರ) ಅವರಿಗೂ ಅವರು ವಿಚ್ಛೇದನ ನೀಡಿದ್ದ ಅನ್ಸಾರೀ ಮಹಿಳೆಗೂ ಹುಟ್ಟಿದ ಮಗನವನು. ಅಲ್ಲಿಗೆ ಬಂದ ಉಮರ್(ರ), ಮಗನ ತೋಳು ಹಿಡಿದೆತ್ತಿ ತಮ್ಮ ಸವಾರಿಯ ಮೇಲೆ ಮುಂದೆ ಕೂರಿಸಿಕೊಂಡರು. ಬಾಲಕನ ಅಜ್ಜಿ ಬಂದು ತಡೆದರು. ವ್ಯಾಜ್ಯವು ಖಲೀಫಾ ಅಬೂಬಕರ್(ರ) ಅವರ ಮುಂದೆ ಹೋಯಿತು. ಮಗುವನ್ನು ಆಕೆಯ ಬಳಿಯೇ ಬಿಡಬೇಕೆಂದು ಖಲೀಫರು ಹೇಳಿದರು. ಉಮರ್(ರ) ಮರುಮಾತಾಡಲಿಲ್ಲ.

ಇಮಾಮ್ ಮಾಲಿಕ್‌ರ ಮುಅತ್ತಾದಲ್ಲಿ ಬಂದಿರುವ ಈ ಘಟನೆಯನ್ನು ನಾವು ತಾಯಿಯ ಹಕ್ಕಿನ ಪ್ರಸ್ತಾಪ ಬಂದಾಗಲೆಲ್ಲ ಉಲ್ಲೇಖಿಸುತ್ತೇವೆ. ಮಗುವನ್ನು ಕರೆದೊಯ್ದ ಮಾತ್ರಕ್ಕೆ ವ್ಯಾಜ್ಯ ತೀರುವುದಿಲ್ಲ ಎಂಬ ಅಂಶವೂ ಅದರಲ್ಲಿದೆ.

ನಮ್ಮ ಜಿಲ್ಲೆಯ ಮಟ್ಟಿಗೆ ಇದು ದೂರದ ಮಾತಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ ಬಳಿಕ ತಮಿಳು, ತೆಲುಗು, ಮಲಯಾಳ ನಾಡುಗಳಿಂದ ಜನರು ಬಂದು ನೆಲೆಸಿದರು. ಹೆಣ್ಣು ಕೊಟ್ಟು ತರುವ ಸಂಬಂಧಗಳು ಹಳೆಯ ಊರುಗಳೊಂದಿಗೂ ಉಳಿದವು. ದಾಂಪತ್ಯ ಮುರಿದರೆ ತಂದೆ ಭದ್ರಾವತಿಯಲ್ಲಿ, ತಾಯಿ ತಮಿಳುನಾಡಿನ ತವರಿನಲ್ಲಿ. ಆಗ ದಾವೆ ಎಲ್ಲಿ ನಡೆಯಬೇಕು?

ಹನಫೀ ವಿದ್ವಾಂಸರಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. 12ನೇ ಶತಮಾನದ ಹಿದಾಯಾ ಗ್ರಂಥದ ಪ್ರಕಾರ, ವಿಚ್ಛೇದಿತ ತಾಯಿಯು ಮಗುವನ್ನು ಬೇರೆ ಊರಿಗೆ ಒಯ್ಯುವಂತಿಲ್ಲ. ನಿಕಾಹ್ ನಡೆದ ತನ್ನ ತವರೂರಿಗೆ ಒಯ್ಯಬಹುದು. ಎರಡು ಊರುಗಳು ಹತ್ತಿರವಿದ್ದು, ತಂದೆಯು ಮಗುವನ್ನು ನೋಡಿ ರಾತ್ರಿಗೆ ಮನೆ ಸೇರುವಂತಿದ್ದರೆ ಅಭ್ಯಂತರವಿಲ್ಲ. ಈ ಲೆಕ್ಕದಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವುದು ಊರು ಬಿಟ್ಟಂತೆಯೇ ಅಲ್ಲ! 1791ರಲ್ಲಿ ಹ್ಯಾಮಿಲ್ಟನ್ ಈ ಗ್ರಂಥವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳೂ ಅದನ್ನು ಬಳಸಿದವು.

ಇಂದು ದಾವೆಯ ಸ್ಥಳವನ್ನು ನಿರ್ಧರಿಸುವುದು 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ 9ನೇ ಕಲಮು. ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆಯೋ ಅಲ್ಲಿನ ನ್ಯಾಯಾಲಯಕ್ಕೆ ಅಧಿಕಾರ. ನಿಕಾಹ್ ನಡೆದ ಊರು ಇಲ್ಲಿ ಮುಖ್ಯವಲ್ಲ, ತಂದೆಯ ಮನೆತನದ ಊರೂ ಅಲ್ಲ. ಹಿದಾಯಾಗಿಂತ ಕಾಯ್ದೆ ಬೇರೆಯಾಗುವುದು ಇಲ್ಲಿಯೇ. ಅಮೆರಿಕದ ಪೌರತ್ವವಿದ್ದ ಒಬ್ಬ ಬಾಲಕನ ಪ್ರಕರಣದಲ್ಲಿ, ಅವನು ದೆಹಲಿಯಲ್ಲಿ ಶಾಲೆಗೆ ಹೋಗುತ್ತ ನೆಲೆಸಿದ್ದುದನ್ನು ಗಮನಿಸಿದ ಸುಪ್ರೀಂ ಕೋರ್ಟ್, ದೆಹಲಿಯ ನ್ಯಾಯಾಲಯಕ್ಕೇ ಅಧಿಕಾರವಿದೆ ಎಂದು 2011ರಲ್ಲಿ ಹೇಳಿತು. ವಾಸಸ್ಥಳವೆಂಬುದು ಸಂಗತಿಗಳಿಂದ ತಿಳಿಯಬೇಕಾದ ವಿಷಯ ಎಂಬುದು ಅದರ ನಿಲುವು.

ಮಗುವನ್ನು ರಾತ್ರೋರಾತ್ರಿ ಗಡಿ ದಾಟಿಸಿ, ಮರುವಾರವೇ ಅಲ್ಲಿ ಅರ್ಜಿ ಹಾಕುವವರು ನಮ್ಮವರಲ್ಲೂ ಇದ್ದಾರೆ. ಕೆಲವೊಮ್ಮೆ ತಂದೆ, ಕೆಲವೊಮ್ಮೆ ತಾಯಿಯ ಸಹೋದರರು. ಆಗ ಎರಡು ರಾಜ್ಯಗಳಲ್ಲಿ ಎರಡು ಅರ್ಜಿಗಳಾಗುತ್ತವೆ. ಒಂದು ರಾಜ್ಯದ ದಾವೆಯನ್ನು ಇನ್ನೊಂದಕ್ಕೆ ವರ್ಗಾಯಿಸಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಂತೆ ಸುಪ್ರೀಂ ಕೋರ್ಟಿಗೇ ಹೋಗಬೇಕು. ಭದ್ರಾವತಿಯ ಕಾರ್ಮಿಕನೊಬ್ಬನಿಗೆ ದೆಹಲಿಯ ವಕೀಲರ ಖರ್ಚು ಸಣ್ಣದಲ್ಲ.

ನಮ್ಮ ಜಮಾಅತ್‌ಗಳ ಪಂಚಾಯತಿಯಲ್ಲಿ ಹಿರಿಯರು ಮೊದಲು ಕೇಳುವುದು ಮಹರ್ ಮತ್ತು ಒಡವೆಗಳ ಲೆಕ್ಕ. ಮಗು ಯಾವ ಶಾಲೆಯಲ್ಲಿದೆ, ಎಷ್ಟು ವರ್ಷದಿಂದ ಇದೆ ಎಂಬ ಪ್ರಶ್ನೆ ಬರುವುದು ಎದ್ದು ಹೊರಡುವ ಹೊತ್ತಿಗೆ. ನ್ಯಾಯಾಲಯದಲ್ಲಿ ಅದನ್ನೇ ಮೊದಲು ಕೇಳುತ್ತಾರೆ.