ಒಂದು ತಿರುಗುಗುಂಡಿಯ ಹಿಂದಿನ ಶ್ರುತಿ

ಬಿಡಿಭಾಗಗಳನ್ನು ಅಂಗಡಿಯಿಂದ ತಂದು, ನಕ್ಷೆ ನೋಡಿ ಬೆಸುಗೆ ಹಾಕಿ, ಬ್ಯಾಟರಿ ಜೋಡಿಸಿದ ಮಾತ್ರಕ್ಕೆ ರೇಡಿಯೊ ಹಾಡುವುದಿಲ್ಲ. ಒಂದೂ ತಪ್ಪಿಲ್ಲದೆ ಕಟ್ಟಿದ ಸೆಟ್ಟು ಕೂಡ ಮೊದಲ ದಿನ ಬರಿಯ ಗೊರಗೊರ ಸದ್ದು ಮಾಡಿ ಸುಮ್ಮನಾಗುವುದುಂಟು. ಬೆಂಗಳೂರು ನಿಲಯ ಬರಬೇಕಾದ ಕಡೆ ಏನೂ ಬಾರದೆ, ಇನ್ನೆಲ್ಲೋ ಕ್ಷೀಣವಾಗಿ ಕೇಳಿಸುವುದೂ ಉಂಟು. ಆಗ ಉಳಿಯುವುದು ಶ್ರುತಿ ಕೂಡಿಸುವ ಕೆಲಸ. ರೇಡಿಯೊ ಕಸುಬಿನವರು ‘ಅಲೈನ್‌ಮೆಂಟ್’ ಎನ್ನುವ ಈ ಕೆಲಸಕ್ಕೆ ತನ್ನದೇ ಇತಿಹಾಸವಿದೆ. ಕೇಳುಗನ ಕೈಯ ಕಷ್ಟವನ್ನು ರೇಡಿಯೊ ಕಟ್ಟುವವನ ಮೇಜಿಗೆ ವರ್ಗಾಯಿಸಿದ ಇತಿಹಾಸ ಅದು.

ಮೂರು ಗುಂಡಿಗಳ ಕಾಲ

1920ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ಬಂದ ಅನೇಕ ರೇಡಿಯೊಗಳ ಮುಖದ ಮೇಲೆ ಮೂರು ತಿರುಗುಗುಂಡಿಗಳಿದ್ದವು. ಬಂದ ಸಂಕೇತವನ್ನು ಹಂತಹಂತವಾಗಿ ವರ್ಧಿಸುವ ಈ ಸೆಟ್ಟುಗಳಲ್ಲಿ ಪ್ರತಿ ಹಂತವನ್ನೂ ಬೇಕಾದ ನಿಲಯಕ್ಕೆ ಬೇರೆಬೇರೆಯಾಗಿ ಹೊಂದಿಸಬೇಕಿತ್ತು. ಒಂದು ಗುಂಡಿ ತುಸು ತಪ್ಪಿದರೂ ನಿಲಯ ಮಾಯ. ಯಾವ ನಿಲಯಕ್ಕೆ ಯಾವ ಗುಂಡಿ ಎಷ್ಟರಲ್ಲಿರಬೇಕೆಂದು ಮನೆಯವರು ಪಟ್ಟಿ ಬರೆದಿಟ್ಟುಕೊಳ್ಳುತ್ತಿದ್ದರು. ಇನ್ನೊಂದು ಬಗೆಯ ಅಗ್ಗದ ಸೆಟ್ಟುಗಳು, ಸ್ವಲ್ಪ ಹೆಚ್ಚು ತಿರುಗಿಸಿದರೆ ಸಾಕು, ಕೀರಲು ಧ್ವನಿ ಹೊರಡಿಸಿ ನೆರೆಮನೆಯ ರೇಡಿಯೊವನ್ನೂ ಕೆಡಿಸುತ್ತಿದ್ದವು.

ಈ ತೊಡಕಿಗೆ ಪರಿಹಾರವಾದ ಉಪಾಯ ಹುಟ್ಟಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಆಗಿನ ನಿರ್ವಾತ ನಳಿಕೆಗಳಿಗೆ ಹೆಚ್ಚು ಕಂಪನಾಂಕದ ಸಂಕೇತಗಳನ್ನು ವರ್ಧಿಸುವ ಶಕ್ತಿ ಇರಲಿಲ್ಲ. 1918ರಲ್ಲಿ ಪ್ಯಾರಿಸ್‌ನಲ್ಲಿದ್ದ ಅಮೆರಿಕ ಸೇನೆಯ ಅಧಿಕಾರಿ ಎಡ್ವಿನ್ ಆರ್ಮ್‌ಸ್ಟ್ರಾಂಗ್, ಸಂಕೇತದ ಕಂಪನಾಂಕವನ್ನೇ ಇಳಿಸಿ ಅನಂತರ ವರ್ಧಿಸುವ ‘ಸೂಪರ್‌ಹೆಟೆರೊಡೈನ್’ ವಿಧಾನವನ್ನು ರೂಪಿಸಿದರು. ಅದಕ್ಕೂ ಮುನ್ನ, 1917ರಲ್ಲೇ, ಫ್ರಾನ್ಸಿನ ಲೂಸಿಯೆಂ ಲೆವಿ ಇಂಥದೇ ವಿಚಾರಕ್ಕೆ ಪೇಟೆಂಟ್ ಕೋರಿದ್ದರು. ಮುಂದೆ ಅಮೆರಿಕದಲ್ಲಿ ನಡೆದ ಪೇಟೆಂಟ್ ವ್ಯಾಜ್ಯದಲ್ಲಿ ಹೆಚ್ಚಿನ ಹಕ್ಕುಗಳು ಲೆವಿಯ ಪಾಲಾದರೂ ಜನ ನೆನೆಯುವುದು ಆರ್ಮ್‌ಸ್ಟ್ರಾಂಗ್ ಹೆಸರನ್ನೇ.

ವ್ಯತ್ಯಾಸದ ಲೆಕ್ಕ

ಎರಡು ತಂತಿಗಳು ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಮಿಡಿದಾಗ ನಡುವೆ ಅಲೆಯಂತೆ ಏರಿಳಿಯುವ ಮೂರನೆಯ ಮಿಡಿತ ಕೇಳಿಸುವುದನ್ನು ತಂಬೂರಿ ಬಲ್ಲವರು ಅರಿತಿರುತ್ತಾರೆ. ಎರಡು ಕಂಪನಾಂಕಗಳ ವ್ಯತ್ಯಾಸವೇ ಆ ಮಿಡಿತ. ರೇಡಿಯೊದಲ್ಲಿ ನಡೆಯುವುದೂ ಬಹುಪಾಲು ಅದೇ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಅದನ್ನು ಹಿಡಿಯುವಾಗ ಸೆಟ್ಟಿನೊಳಗಿನ ಆಂದೋಲಕ 1067 ಕಿಲೋಹರ್ಟ್ಸ್ ಉತ್ಪಾದಿಸುತ್ತದೆ. ಎರಡೂ ಬೆರೆತಾಗ ದೊರೆಯುವ ವ್ಯತ್ಯಾಸ 455. ಧಾರವಾಡದ 765ಕ್ಕೆ ತಿರುಗಿಸಿದರೆ ಆಂದೋಲಕ 1220ಕ್ಕೆ ಏರುತ್ತದೆ. ವ್ಯತ್ಯಾಸ ಮತ್ತೆ 455. ನಿಲಯ ಯಾವುದೇ ಇರಲಿ, ಮುಂದಿನ ಹಂತಗಳು ಈ ಒಂದೇ ಮಧ್ಯಂತರ ಕಂಪನಾಂಕವನ್ನು ವರ್ಧಿಸಿದರೆ ಸಾಕು. ಅವನ್ನು ಒಮ್ಮೆ ಸರಿಪಡಿಸಿದರೆ ಕೇಳುಗ ಮತ್ತೆ ಮುಟ್ಟಬೇಕಿಲ್ಲ.

ಆದರೆ ಕಷ್ಟ ಇಲ್ಲವಾಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಒಂದೇ ದಂಡಕ್ಕೆ ಜೋಡಿಸಿದ ಎರಡು ಕಂಡೆನ್ಸರ್‌ಗಳಲ್ಲಿ ಒಂದು ಆಂಟೆನಾ ಮಂಡಲವನ್ನೂ ಇನ್ನೊಂದು ಆಂದೋಲಕವನ್ನೂ ತಿರುಗಿಸುತ್ತದೆ. ಆಂಟೆನಾ ಮಂಡಲ ಸುಮಾರು 530ರಿಂದ 1600 ಕಿಲೋಹರ್ಟ್ಸ್‌ವರೆಗೆ, ಅಂದರೆ ಮೂರು ಪಟ್ಟು ಸಾಗಬೇಕು. ಆಂದೋಲಕ 985ರಿಂದ 2055ರವರೆಗೆ, ಎರಡು ಪಟ್ಟಿಗಿಂತ ತುಸು ಹೆಚ್ಚು ಸಾಗಿದರೆ ಸಾಕು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹೆಜ್ಜೆ ಬೇರೆಬೇರೆ! ಉದ್ದಕ್ಕೂ ನಿಖರವಾಗಿ 455ರ ಅಂತರ ಕಾಯುವುದು ಅಸಾಧ್ಯವಾದ್ದರಿಂದ, ಮೂರು ಬಿಂದುಗಳಲ್ಲಿ ಸರಿಹೊಂದಿಸಿ ಉಳಿದೆಡೆ ಅಲ್ಪ ವ್ಯತ್ಯಾಸವನ್ನು ಸಹಿಸಿಕೊಳ್ಳುವುದು ಎಂಜಿನಿಯರುಗಳು ಕಂಡುಕೊಂಡ ರಾಜಿ.

ಮೇಜಿನ ಮೇಲಿನ ಕೆಲಸ

ಈ ರಾಜಿಯನ್ನು ಜಾರಿಗೆ ತರುವುದೇ ಅಲೈನ್‌ಮೆಂಟ್. ಟ್ರಾನ್ಸಿಸ್ಟರ್ ಸೆಟ್ಟು ಕಟ್ಟಿದ ಹವ್ಯಾಸಿಯ ಎದುರು ಸಾಮಾನ್ಯವಾಗಿ ನಾಲ್ಕು ಪುಟ್ಟ ಲೋಹದ ಡಬ್ಬಿಗಳಿರುತ್ತವೆ. ಕೆಂಪು ತಲೆಯದು ಆಂದೋಲಕದ ಕಾಯಿಲ್. ಹಳದಿ, ಬಿಳಿ, ಕಪ್ಪು ತಲೆಯವು ಮಧ್ಯಂತರ ಹಂತದವು. ಮೊದಲು ಕಪ್ಪಿನಿಂದ ಹಿಂದಕ್ಕೆ ಹಳದಿಯವರೆಗೆ ಒಂದೊಂದನ್ನೇ ತಿರುಗಿಸಿ ಧ್ವನಿ ಅತಿ ಹೆಚ್ಚಾಗುವೆಡೆ ನಿಲ್ಲಿಸಬೇಕು. ಇದಕ್ಕೆ ಪ್ಲಾಸ್ಟಿಕ್ ತಿರುಪುಳಿಯೇ ಆಗಬೇಕು. ಕಬ್ಬಿಣದ್ದಾದರೆ ಅದರ ಸಾಮೀಪ್ಯವೇ ಕಾಯಿಲ್‌ನ ಗುಣವನ್ನು ಬದಲಿಸಿ, ಕೈ ತೆಗೆದೊಡನೆ ಹೊಂದಿಕೆ ತಪ್ಪುತ್ತದೆ.

ಅನಂತರ ಡಯಲಿನ ಕೆಳತುದಿಯಲ್ಲಿ ಗೊತ್ತಿರುವ ನಿಲಯವೊಂದನ್ನು ಕೆಂಪು ಕಾಯಿಲ್‌ನಿಂದ ಅದರ ಅಂಕಿಗೆ ತರಬೇಕು. ಮೇಲ್ತುದಿಯ ನಿಲಯವನ್ನು ಟ್ರಿಮ್ಮರ್ ಎಂಬ ಕಿರು ಕಂಡೆನ್ಸರ್‌ನಿಂದ ತರಬೇಕು. ಆಂಟೆನಾ ಮಂಡಲಕ್ಕೂ ಇದೇ ಕ್ರಮ: ಕೆಳತುದಿಗೆ ಫೆರೈಟ್ ಕಡ್ಡಿಯ ಮೇಲಿನ ಸುರುಳಿಯನ್ನು ಸರಿಸುವುದು, ಮೇಲ್ತುದಿಗೆ ಟ್ರಿಮ್ಮರ್. ಆದರೆ ಮೇಲ್ತುದಿ ಸರಿಯಾಗುವಾಗ ಕೆಳತುದಿ ಜರುಗಿರುತ್ತದೆ. ಮತ್ತೆ ಕೆಳಗೆ, ಮತ್ತೆ ಮೇಲೆ. ತಂಬೂರಿಯ ಬಿರಡೆ ತಿರುಗಿಸಿ, ಮಣಿ ಸರಿಸಿ, ಪುನಃ ಮೀಟಿ ನೋಡುವ ಹಾಗೆ ಎರಡು ಮೂರು ಸುತ್ತು ನಡೆಯಬೇಕು.

ಇಲ್ಲಿ ಅಸಡ್ಡೆ ಮಾಡಿದರೆ ಸೆಟ್ಟು ಹಾಡೀತು, ಆದರೆ ಮೋಸ ಮಾಡೀತು. ಆಂದೋಲಕ 1067ರಲ್ಲಿರುವಾಗ 612ರಂತೆಯೇ 1522 ಕಿಲೋಹರ್ಟ್ಸ್ ಸಂಕೇತವೂ 455ರ ವ್ಯತ್ಯಾಸ ಕೊಡುತ್ತದೆ. ಈ ಕನ್ನಡಿ ಬಿಂಬವನ್ನು ತಡೆಯಬೇಕಾದ್ದು ಆಂಟೆನಾ ಮಂಡಲ. ಅದರ ಹೊಂದಿಕೆ ಕೆಟ್ಟರೆ, ರಾತ್ರಿ ದೂರದ ನಿಲಯಗಳು ಬಲಗೊಂಡಾಗ ವಾರ್ತೆಯ ನಡುವೆ ಅಪರಿಚಿತ ಭಾಷೆ ನುಸುಳುತ್ತದೆ.

ಕಿವಿಯೇ ಮಾಪಕ

ದುಬಾರಿ ಸಿಗ್ನಲ್ ಜನರೇಟರ್ ಇಲ್ಲದ ಹವ್ಯಾಸಿಗೆ ಪ್ರಸಾರ ನಿಲಯಗಳೇ ಅಳತೆಗೋಲು. ವಿಚಿತ್ರವೆಂದರೆ, ಬಲವಾದ ನಿಲಯ ಈ ಕೆಲಸಕ್ಕೆ ಬಾರದು. ಸಂಕೇತ ಜೋರಾದಂತೆ ಸೆಟ್ಟು ತಾನಾಗಿ ವರ್ಧನೆ ತಗ್ಗಿಸುವುದರಿಂದ ಏರಿಳಿತ ಕಿವಿಗೆ ತಿಳಿಯುವುದಿಲ್ಲ. ಕ್ಷೀಣ ನಿಲಯವನ್ನು ಆಯ್ದು ಆಲಿಸಬೇಕು. ಅಳತೆಗೋಲೂ ಒಮ್ಮೆ ಸರಿದದ್ದುಂಟು: 1975ರ ಜಿನೀವಾ ಒಪ್ಪಂದ 1978ರ ನವೆಂಬರ್ 23ರಂದು ಜಾರಿಗೆ ಬಂದಾಗ ಏಷ್ಯಾದ ಮಧ್ಯಮ ತರಂಗ ನಿಲಯಗಳು 9 ಕಿಲೋಹರ್ಟ್ಸ್ ಅಂತರದ ಹೊಸ ಸ್ಥಾನಗಳಿಗೆ ಹೊಂದಿಕೊಂಡವು. 612 ಮತ್ತು 765 ಎರಡೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದು ಆಕಸ್ಮಿಕವಲ್ಲ.

ಮನೆಯಲ್ಲೇ ಕಟ್ಟುವ ಈ ಹಂಬಲ ಕನ್ನಡ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 30 ವಾಟ್‌ಗಳ ಪುಟ್ಟ ಪ್ರೇಷಕವಿಟ್ಟು ಪ್ರಸಾರ ಆರಂಭಿಸಿದ್ದು ತಮ್ಮ ಮನೆಯಿಂದಲೇ. ಆ ಕೇಂದ್ರದ ಹೆಸರೇ ಆಕಾಶವಾಣಿ.

ಈಗಿನ ಅನೇಕ ರೇಡಿಯೊಗಳಲ್ಲಿ ತಿರುಪುವ ಕಾಯಿಲ್‌ಗಳಿಲ್ಲ. ಕೇಳುಗನಿಂದ ಕಟ್ಟುವವನಿಗೆ ಬಂದಿದ್ದ ಕೆಲಸ ಅವನ ಕೈಯನ್ನೂ ದಾಟಿ ಚಿಪ್ಪಿನೊಳಗಿನ ಲೆಕ್ಕವಾಗಿದೆ. ಆ ಲೆಕ್ಕ ಏನೆಂದು ಕೈಯಾರೆ ತಿಳಿಯಬಯಸುವವರಿಗೆ ಪ್ಲಾಸ್ಟಿಕ್ ತಿರುಪುಳಿ, ಒಂದು ಕ್ಷೀಣ ನಿಲಯ ಮತ್ತು ಒಂದು ನಿಶ್ಶಬ್ದ ರಾತ್ರಿ ಇಂದಿಗೂ ಸಾಕು.