ರಂಗರಾಯರ ಮಿಷನ್

ಕುದ್ಮುಲ್ ರಂಗರಾಯರು ವಕೀಲರಾಗಿದ್ದರು ಎಂಬ ಸಂಗತಿ, ಮಂಗಳೂರಿನಲ್ಲಿ ದಲಿತರಿಗಾಗಿ ಅವರು ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿನ ಚರಿತ್ರೆಯಲ್ಲಿ ಸಾಮಾನ್ಯವಾಗಿ ಒಂದೇ ಸಾಲಿಗೆ ಮುಗಿದುಹೋಗುತ್ತದೆ. ಸಮಾಜ ಸುಧಾರಕ, ದಲಿತೋದ್ಧಾರಕ ಎಂಬ ಬಿರುದುಗಳ ಎದುರು ವಕೀಲಿಕೆ ಸಣ್ಣದಾಗಿ ಕಂಡಿರಬೇಕು. ಅವರು ಕಟ್ಟಿದ ಸಂಸ್ಥೆಯ ಬಗೆಯನ್ನು ನೋಡಿದರೆ ನನಗೆ ಹಾಗನಿಸುವುದಿಲ್ಲ. ಎದುರು ಪಕ್ಷದ ತಕರಾರುಗಳನ್ನು ಮೊದಲೇ ಎಣಿಸಿಟ್ಟುಕೊಂಡವನ ಕೆಲಸ ಅದು.

1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣ ಅವರು. ಎಳೆಯ ಪ್ರಾಯದಲ್ಲೇ ತಂದೆ ತೀರಿಕೊಂಡರು. ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು, ಆಮೇಲೆ ವಕೀಲರಾದರು. ಬಡವರ ವಕೀಲರೆಂದೇ ಹೆಸರಾಯಿತು. ಬ್ರಹ್ಮಸಮಾಜದ ಒಡನಾಟವೂ ಬೆಳೆಯಿತು. 1897ರಲ್ಲಿ ಮಿಷನ್ ಸ್ಥಾಪಿಸಿದರು. ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಶುರುಮಾಡಿದ್ದು 1906ರಲ್ಲಿ. ತಾನು ಮುಂಬಯಿಗಿಂತ ಮೊದಲು ಎಂಬ ಮಾತನ್ನು ಮಂಗಳೂರು ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬಹುದಿತ್ತು.

ದಲಿತರ ಮಕ್ಕಳಿಗೆ ಶಾಲೆ ತೆರೆದರೆ ಕಲಿಸುವವರು ಬೇಕು, ಮಕ್ಕಳೂ ಬರಬೇಕಲ್ಲ. ಮೇಲ್ಜಾತಿಯ ಮೇಷ್ಟ್ರುಗಳು ಒಪ್ಪಲಿಲ್ಲ; ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಮಗು ಶಾಲೆಗೆ ಹೋದರೆ ಮನೆಗೆ ಬರುವ ಕೂಲಿ ತಪ್ಪುತ್ತದೆ. ಹಾಜರಾದ ಮಗುವಿನ ಕೈಗೆ ದಿನಕ್ಕಿಷ್ಟು ಕಾಸು ಕೊಟ್ಟರು, ಮಧ್ಯಾಹ್ನದ ಊಟ ಹಾಕಿದರು. ಅಕ್ಷರ ಕಲಿತವನಿಗೆ ಕೆಲಸ ಯಾರು ಕೊಡುತ್ತಾರೆ? ನೇಯ್ಗೆ, ಮರಗೆಲಸ ಕಲಿಸಿದರು. ಎಲ್ಲಕ್ಕಿಂತ ಮುಖ್ಯವಾದದ್ದು ನೆಲದ ಪ್ರಶ್ನೆ. ಧಣಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡವನನ್ನು ಯಾವಾಗ ಬೇಕಾದರೂ ಎಬ್ಬಿಸಬಹುದು. ಕೋರ್ಟಿನಲ್ಲಿ ದಿನ ಕಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಲಿತರಿಗೆ ಮನೆ ನಿವೇಶನ ಮಾಡಿಕೊಡುವುದನ್ನು ಅವರು ಶಾಲೆಯ ಕೆಲಸದಿಂದ ಬೇರೆ ಎಂದುಕೊಳ್ಳಲೇ ಇಲ್ಲ.

ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕರು, ಅಗಸರು ಮನೆಗೆ ಬರುವುದನ್ನು ಬಿಟ್ಟರು. ಅದನ್ನೇ ದೊಡ್ಡ ತ್ಯಾಗದ ಕಥೆ ಮಾಡುವುದು ಸುಲಭ. ರಾಯರು ಮಾತ್ರ ಮುಂದಿನ ಶಾಲೆಗೆ ಜಾಗ ಹುಡುಕಿದರು.

ಕೊನೆಗಾಲದಲ್ಲಿ ಮಿಷನ್ನಿನ ಹೊಣೆಯನ್ನು ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿ, ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ತೀರಿಕೊಂಡದ್ದು 1928ರಲ್ಲಿ. ದಲಿತರ ಮಕ್ಕಳು ಓದಿ ಸರ್ಕಾರಿ ಕೆಲಸಕ್ಕೆ ಸೇರಿ ಕಾರಿನಲ್ಲಿ ಓಡಾಡುವಾಗ ಏಳುವ ಧೂಳು ತಮಗೆ ತಾಗಲಿ ಎಂಬ ಅವರ ಆಸೆ ಮಂಗಳೂರಿನ ಬಾಬುಗುಡ್ಡೆಯ ಸಮಾಧಿಯ ಮೇಲಿದೆ. ಕೃತಜ್ಞತೆ ಬೇಕೆಂದಿಲ್ಲ, ಪೂಜೆ ಬೇಕೆಂದಿಲ್ಲ. ಕೇಳಿದ್ದು ನೌಕರಿ ಮತ್ತು ಕಾರು, ಅದೂ ಊರಿನ ಸಿರಿವಂತರಲ್ಲೇ ಕಾರು ಅಪರೂಪವಾಗಿದ್ದ ಕಾಲದಲ್ಲಿ.

ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಅಲ್ಲಿ ಜಯಂತಿಯ ದಿನ ಮಾತಾಡುವವರು ಮಗಳು ರಾಧಾಬಾಯಿಯವರನ್ನೂ ನೆನೆಯಬೇಕು. ಬಾಲವಿಧವೆಯಾದ ಮಗಳನ್ನು ರಾಯರು ಮೂಲೆಯಲ್ಲಿ ಕೂರಿಸಲಿಲ್ಲ, ಓದಿಸಿದರು. ಆಕೆ ಮದರಾಸಿನ ಪಿ. ಸುಬ್ಬರಾಯನ್ ಅವರನ್ನು ಮರುಮದುವೆಯಾದರು. 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿನಲ್ಲಿ ಭಾರತದ ಹೆಂಗಸರ ಪರವಾಗಿ ಕೂತರು. 1938ರಲ್ಲಿ ಆಗಿನ ಕೇಂದ್ರ ಶಾಸಕಾಂಗದ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ನ ಮೊದಲ ಮಹಿಳಾ ಸದಸ್ಯೆಯಾದರು.